ಷಡ್ಡಕರ ಚೀಲದಲ್ಲಿ ಏನಿಲ್ಲ?

ಬೆಂಗಳೂರಿನ ಓನರುಗಳು ಬಾಡಿಗೆದಾರರಿಗೆ ಹಾಕುವ ಷರತ್ತುಗಳು ನಿಮಗೆ ಗೊತ್ತೇ ಇವೆ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಗೋಡೆಗೆ ಮೊಳೆ ಹೊಡೆಯಬಾರದು. ನೆಂಟರು ಬಂದರೆ ಬೇಗ ಹೊರಡಬೇಕು. ನೀರು ನೋಡಿಕೊಂಡು ಬಿಡಬೇಕು. ಆದರೆ ‘ಟೆರೇಸಿನ ಮೇಲೆ ನಿಂತು ಅಂತರಿಕ್ಷದ ಜತೆ ಮಾತಾಡಕೂಡದು’ ಎಂಬ ಷರತ್ತನ್ನು ಇನ್ನೂ ಯಾವ ಓನರೂ ಅಗ್ರಿಮೆಂಟಿನಲ್ಲಿ ಬರೆಸಿಲ್ಲ. ಮೂಡಲಪಾಳ್ಯದ ನಮ್ಮ ಷಡ್ಡಕರ ಕಥೆ ಊರಿನ ಉಳಿದ ಓನರುಗಳ ಕಿವಿಗೆ ಬಿದ್ದಿಲ್ಲ, ಅದೊಂದೇ ಕಾರಣ.

ನಮ್ಮ ಷಡ್ಡಕರು ಹ್ಯಾಮ್. ಅಂದರೆ ಹವ್ಯಾಸಿ ರೇಡಿಯೋದವರು. ಟವರು, ಸಿಮ್ಮು, ರೀಚಾರ್ಜು ಯಾವುದರ ಹಂಗೂ ಇಲ್ಲದೆ ಸ್ವಂತ ರೇಡಿಯೋಗೆ ಸ್ವಂತ ತಂತಿ ಸಿಕ್ಕಿಸಿ ಊರೂರಿನವರ ಜತೆ ಮಾತಾಡುವ ಪಂಗಡ. ಹಾಗಂತ ಯಾರೆಂದರೆ ಅವರು ಮಾತಾಡುವ ಹಾಗಿಲ್ಲ. ದೂರಸಂಪರ್ಕ ಇಲಾಖೆಯ ಪರೀಕ್ಷೆಗೆ ಕೂರಬೇಕು. ಓಮನ ನಿಯಮ, ಟ್ರಾನ್ಸಿಸ್ಟರು, 1978ರ ಅಮೆಚೂರ್ ಸರ್ವೀಸ್ ನಿಯಮಾವಳಿ ಎಲ್ಲ ಓದಿ ಪಾಸಾಗಬೇಕು. ಐವತ್ತು ದಾಟಿದ ಷಡ್ಡಕರು ಮಗಳ ಪಿಯುಸಿ ಪರೀಕ್ಷೆಯ ವರ್ಷವೇ ಇದಕ್ಕೂ ಓದಿದರು. ಮನೆಯಲ್ಲಿ ಹೆಚ್ಚು ಗಾಬರಿಯಾಗಿದ್ದದ್ದು ಯಾರು ಅಂತ ಕೇಳಬೇಡಿ. ‘ವಿಯು3’ ಎಂದು ಶುರುವಾಗುವ ಕಾಲ್‌ಸೈನ್ ಬಂದ ದಿನ ಬೀದಿಗೆಲ್ಲ ಮೈಸೂರುಪಾಕು. ಆಮೇಲೆ ರೇಡಿಯೋ ಬಂತು. ರೇಡಿಯೋ ಬೆನ್ನಿಗೆ ಆಂಟೆನಾ ಬಂತು. ಆಂಟೆನಾ ಬೆನ್ನಿಗೆ ಬಂದವಕ್ಕೆ ಲೆಕ್ಕ ಇಟ್ಟವರಿಲ್ಲ.

“ಭಾವ, ಇನ್ನೊಂದು ಸೀರೆ ತಗೋತೀನಿ ಅಂದ್ರೆ ಬೀರುವಿನಲ್ಲಿ ಜಾಗ ಇಲ್ಲ ಅಂತಾರೆ ಇವರು. ಈಗ ಬಾಗಿಲು ತೆಗೆದರೆ ಕಾಲ ಮೇಲೆ ಕೇಬಲ್ಲು ಬೀಳುತ್ತೆ” ಎಂದು ನಾದಿನಿ ಫೋನಿನಲ್ಲಿ ಅಲವತ್ತುಕೊಂಡಳು. ಪಂಚಾಯಿತಿಗೆ ನಾನು ಹೋದೆ. ಹೋದವನು ಆಂಟೆನಾ ಪಾಠ ಕೇಳಿಸಿಕೊಂಡು ವಾಪಸು ಬಂದೆ. ಆ ಪಾಠದಲ್ಲಿ ನನ್ನ ತಲೆಗೆ ಹತ್ತಿದ್ದನ್ನು ನಿಮಗೂ ದಾಟಿಸುತ್ತೇನೆ. ಒಬ್ಬನೇ ಯಾಕೆ ಅನುಭವಿಸಲಿ?

ಸ್ವಂತ ಮನೆ ಇರುವ ಹ್ಯಾಮ್ ಏನು ಮಾಡುತ್ತಾನೆ? ಟೆರೇಸಿನಲ್ಲಿ ಕಬ್ಬಿಣದ ಕಂಬ ನೆಡಿಸಿ, ನಾಲ್ಕು ಕಡೆ ತಂತಿ ಬಿಗಿದು, ಕೆಳಗೆ ಕುರ್ಚಿಯಲ್ಲಿ ಕೂತು ಜಗತ್ತನ್ನು ಮಾತಾಡಿಸುತ್ತಾನೆ. ಬಾಡಿಗೆ ಮನೆಯ ಹ್ಯಾಮಿಗೆ ಆ ಯೋಗ ಇಲ್ಲ. ಟೆರೇಸು ಓನರದ್ದು. ಅಲ್ಲಿನ ಸಿಂಟೆಕ್ಸ್ ಟ್ಯಾಂಕು, ಸೋಲಾರು, ಡಿಶ್ಶು, ತುಳಸಿಕಟ್ಟೆ ಎಲ್ಲ ಓನರದ್ದು. ಬೇಸಿಗೆ ಬಂತೆಂದರೆ ಸಂಡಿಗೆ ಹಪ್ಪಳದ ಸಮೇತ ಇಡೀ ಟೆರೇಸು ಓನರ್ ಆಂಟಿಯದ್ದು. ಹಾಗಾಗಿ ಇವರ ಸ್ಟೇಷನ್ನು ಚೀಲದೊಳಗೇ ಇರಬೇಕು. ತಂದು ಬಿಚ್ಚಬೇಕು, ಕಟ್ಟಬೇಕು, ಮಾತಾಡಬೇಕು, ಆಂಟಿ ಮೆಟ್ಟಿಲು ಹತ್ತುವ ಸದ್ದು ಕೇಳುವಷ್ಟರಲ್ಲಿ ಸುತ್ತಿಟ್ಟುಕೊಳ್ಳಬೇಕು. ವಿದೇಶದವರು ಬೆಟ್ಟ ಹತ್ತಿ ಶೋಕಿಗೆ ಮಾಡುವ ‘ಪೋರ್ಟಬಲ್ ಆಪರೇಷನ್’ ಮೂಡಲಪಾಳ್ಯದಲ್ಲಿ ಬಾಡಿಗೆದಾರನ ಹಣೆಬರಹ.

ಶುರುವಾಗುವುದು ಕೈಯಲ್ಲಿ ಹಿಡಿಯುವ ಸೆಟ್ಟಿನಿಂದ. ಹ್ಯಾಮ್‌ಗಳು ಅದನ್ನು ಹ್ಯಾಂಡಿ ಅಂತಾರೆ. ಅದರ ನೆತ್ತಿಯ ಮೇಲಿನ ಮೋಟು ಕರಿ ಕಡ್ಡಿಗೆ ರಬ್ಬರ್ ಡಕ್ ಅಂತ ಹೆಸರು. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರುವ ಎರಡು ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. 300 ಅನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಇಲ್ಲಿ ಎರಡು ಮೀಟರಿನ ಆಸುಪಾಸು. ಅದರ ಕಾಲು ಭಾಗ, ಅಂದರೆ ಅರ್ಧ ಮೀಟರು ಕಡ್ಡಿ ಇದ್ದರೆ ಆಂಟೆನಾಗೆ ಮರ್ಯಾದೆ. ಕಂಪನಿಯವರು ಜೇಬಿಗೆ ಚುಚ್ಚಬಾರದು ಅಂತ ಅದನ್ನು ಸುರುಳಿ ಸುತ್ತಿ ಗೇಣುದ್ದ ಮಾಡಿ ಕೊಟ್ಟಿರುತ್ತಾರೆ. ಜೇಬಿಗೆ ಹಿತ, ಸಿಗ್ನಲ್ಲಿಗೆ ಅಹಿತ. ಇದಕ್ಕೆ ಖರ್ಚಿಲ್ಲದ ಪರಿಹಾರ ಒಂದಿದೆ. ಅರ್ಧ ಮೀಟರು ವೈರು ತಗೊಂಡು ಆಂಟೆನಾ ಬುಡದ ಲೋಹಕ್ಕೆ ತಾಗಿಸಿ ಕೆಳಗೆ ಬಾಲ ಇಳಿಬಿಡುವುದು. ಹುಲಿಬಾಲ ಅಂತಲೇ ಅದರ ಹೆಸರು. ಆಂಟೆನಾಗೆ ಕಾಣೆಯಾಗಿದ್ದ ಇನ್ನರ್ಧ ಸಿಕ್ಕಂತಾಗಿ ದನಿ ಒಂದಿಷ್ಟು ಏಳುತ್ತದೆ. ಎರಡು ರೂಪಾಯಿಯ ವೈರಿನಲ್ಲಿ ಮುಗಿಯುವ ಕೆಲಸಕ್ಕೆ ಷಡ್ಡಕರು ಮೂರು ಬಗೆಯ ಉದ್ದ ಕಡ್ಡಿ ತರಿಸಿದರು. ಒಂದು ಮಡಚುವುದು, ಒಂದು ಬಳುಕುವುದು, ಮತ್ತೊಂದು ಹೆಸರಾಂತ ಕಂಪನಿಯ ಹೆಸರು ಹೊತ್ತು ಬಂದ ನಕಲಿ.

ಬಳುಕುವುದು ರೇಡಿಯೋಗೆ ಕೂರಲೇ ಇಲ್ಲ. ಅಗ್ಗದ ಚೀನಾ ಹ್ಯಾಂಡಿಗಳಲ್ಲಿ ಸಾಮಾನ್ಯವಾಗಿ ರೇಡಿಯೋ ಕಡೆಯೇ ಪಿನ್ನು ಇರುತ್ತದೆ. ಜಪಾನಿನ ಹಲವು ಸೆಟ್ಟುಗಳಲ್ಲಿ ತದ್ವಿರುದ್ಧ. ಹೊರಟೆವು ಎಸ್‌ಪಿ ರೋಡಿಗೆ. ಕಿಷ್ಕಿಂಧೆಯಂಥ ಓಣಿಯ ಅಂಗಡಿಯವನು ತಲೆಯೂ ಎತ್ತದೆ ಕೇಳಿದ: “ಮೇಲಾ ಫೀಮೇಲಾ?” ಷಡ್ಡಕರು ಕಕ್ಕಾಬಿಕ್ಕಿ. “ಎಸ್‌ಎಂಎನಾ ಬಿಎನ್‌ಸಿನಾ? ಆ ಕಡೆ ಏನಿದೆ?” ಅವು ಕನೆಕ್ಟರಿನ ಜಾತಿಗಳಂತೆ. ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಗೋತ್ರ, ನಕ್ಷತ್ರ, ಪಾದ ವಿಚಾರಿಸಿದ ಹಾಗೆ ವಿಚಾರಣೆ ನಡೆಯಿತು. ಕೊನೆಗೆ ಎಲ್ಲ ಸಂಬಂಧವೂ ಕೂಡಿಬರಲಿ ಅಂತ ಒಂದು ಡಬ್ಬಿ ಅಡಾಪ್ಟರ್ ಕೊಂಡರು. ಎಸ್‌ಎಂಎಯಿಂದ ಬಿಎನ್‌ಸಿಗೆ, ಬಿಎನ್‌ಸಿಯಿಂದ ಪಿಎಲ್-259ಕ್ಕೆ, ಪಿಎಲ್-259ರಿಂದ ಮತ್ತೆ ಬಿಎನ್‌ಸಿಗೆ. ನಾಲ್ಕು ಅಡಾಪ್ಟರ್ ಒಂದರ ಮೇಲೊಂದು ಏರಿಸಿದರೆ ಅದರ ಭಾರಕ್ಕೆ ಪಾಪದ ಹ್ಯಾಂಡಿಯ ಕತ್ತು ಸಡಿಲಾಗುತ್ತದೆ ಎಂಬ ವಿಷಯ ಮಾತ್ರ ಡಬ್ಬಿಯ ಮೇಲೆ ಬರೆದಿರಲಿಲ್ಲ. ಒಂದೇ ಒಂದು ಗಿಡ್ಡ ಕೇಬಲ್, ಒಂದು ತುದಿಗೆ ಎಸ್‌ಎಂಎ, ಇನ್ನೊಂದಕ್ಕೆ ಬಿಎನ್‌ಸಿ. ಅಷ್ಟಿದ್ದರೆ ಡಬ್ಬಿಗೆ ಅಂಗಡಿಯಲ್ಲೇ ಕೈಮುಗಿದು ಬರಬಹುದಿತ್ತು.

ಕೇಬಲ್ ಅಂದೆ. ಅದೊಂದು ಮೋಸದ ವಸ್ತು. ಚೀಲ ಹಗುರ ಇರಲಿ ಅಂತ ತೆಳ್ಳನೆಯದನ್ನು ಕೊಂಡಷ್ಟೂ ಅದು ನಿಮ್ಮ ವಾಟುಗಳನ್ನು ದಾರಿಯಲ್ಲೇ ನುಂಗುತ್ತದೆ. ಎಲ್ಲ ಕಡೆ ಸಿಗುವ ಆರ್‌ಜಿ-58 ಕೇಬಲ್ಲನ್ನು 30 ಮೀಟರು ಎಳೆದರೆ 145 ಮೆಗಾಹರ್ಟ್ಸಿನಲ್ಲಿ ಸುಮಾರು 6 ಡೆಸಿಬೆಲ್ ನಷ್ಟ. ಅಂದರೆ ನೀವು 5 ವಾಟ್ ಹಾಕಿದರೆ ಆಂಟೆನಾಗೆ ತಲುಪುವುದು ಒಂದೂಕಾಲು. ಮಿಕ್ಕಿದ್ದು ಕೇಬಲ್ಲಿಗೆ ನೈವೇದ್ಯ. ಇನ್ನೂ ತೆಳ್ಳಗಿನ ಆರ್‌ಜಿ-174 ಆದರೆ ಪ್ರಸಾದವೂ ಉಳಿಯುವುದಿಲ್ಲ. ತಮಾಷೆಯೆಂದರೆ, ಕೇಬಲ್ ಟಿವಿಯವರು ಕನೆಕ್ಷನ್ ಕಿತ್ತ ಮೇಲೆ ಮೂಡಲಪಾಳ್ಯದ ಟೆರೇಸುಗಳ ಮೇಲೆ ಅನಾಥವಾಗಿ ಬಿದ್ದಿರುವ ಆರ್‌ಜಿ-6 ಇದೆಯಲ್ಲ, ಅದು ಅಷ್ಟೇ ಉದ್ದದಲ್ಲಿ ಅರ್ಧದಷ್ಟಾದರೂ ಮೇಲಕ್ಕೆ ಮುಟ್ಟಿಸುತ್ತದೆ. ಅದು 75 ಓಮ್, ನಮ್ಮ ರೇಡಿಯೋ 50 ಓಮ್. ಆ ವ್ಯತ್ಯಾಸ ದೊಡ್ಡದಲ್ಲ. ಅದರ ಅಲ್ಯೂಮಿನಿಯಂ ಹೆಣಿಗೆಗೆ ಸೀಸದ ಬೆಸುಗೆ ಹಿಡಿಯುವುದಿಲ್ಲ ಅನ್ನುವುದೊಂದೇ ತಕರಾರು, ತಿರುಪಿನ ಕನೆಕ್ಟರ್ ಹಾಕಿಕೊಳ್ಳಬೇಕು. ಪುಕ್ಕಟೆ ಸಿಗುವುದಕ್ಕೆ ಬೆಲೆ ಇಲ್ಲವಾದ್ದರಿಂದ ಷಡ್ಡಕರು ವಿಮಾನದಲ್ಲಿ ಬಂದಿಳಿದ ಕೇಬಲ್ ಕೊಂಡರು.

ಮುಂದಿನ ಆಸೆ ಶಕ್ತಿಯದ್ದು. “ಅಣ್ಣಾ, ಐದು ವಾಟಿಗೆ ಏನಾಗುತ್ತೆ? ನೂರು ವಾಟಿನ ಸೆಟ್ಟು ನೋಡಿಟ್ಟಿದ್ದೀನಿ” ಅಂದರು. ನಾನು ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನಪಿಸಿದೆ. ಮನಃಶಾಸ್ತ್ರದ ಮೇಷ್ಟ್ರು. 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವಾಟಿನ ಪ್ರಸಾರ ಯಂತ್ರ ಇಟ್ಟುಕೊಂಡು ಒಂದು ಬಾನುಲಿ ನಿಲಯವನ್ನೇ ಶುರು ಮಾಡಿದರು, ಅದರ ಹೆಸರು ‘ಆಕಾಶವಾಣಿ’. ಇಡೀ ದೇಶದ ರೇಡಿಯೋಗೆ ಹೆಸರು ಒದಗಿಸಿದ ನಿಲಯಕ್ಕೆ ಶುರುವಿನಲ್ಲಿ ಮೂವತ್ತು ಸಾಕಾಯಿತು. ಟೆರೇಸಿನಲ್ಲಿ ‘ಎಲ್ಲಿದ್ದೀರಿ, ಚೆನ್ನಾಗಿದ್ದೀರಾ’ ಅನ್ನುವುದಕ್ಕೆ ನಿಮಗೆ ನೂರು ಬೇಕಾ?

ಇಂಥಲ್ಲಿ ವಾಟಿಗಿಂತ ಎತ್ತರ ದೊಡ್ಡದು. ಎರಡು ಮೀಟರ್ ಅಲೆ ಹೆಚ್ಚುಕಡಿಮೆ ಕಣ್ಣಿನ ನೇರಕ್ಕೇ ಹೋಗುತ್ತದೆ. ನೆಲದಿಂದ ಎಷ್ಟು ಮೀಟರು ಮೇಲಿದ್ದೀರೋ ಅದರ ವರ್ಗಮೂಲ ತೆಗೆದು 4.12ರಿಂದ ಗುಣಿಸಿ, ಅಷ್ಟು ಕಿಲೋಮೀಟರು ನಿಮ್ಮ ದಿಗಂತ. ಹತ್ತು ಮೀಟರಿನ ಟೆರೇಸಿಗೆ 13 ಕಿಲೋಮೀಟರು, ಅದೂ ನಡುವೆ ಅಪಾರ್ಟ್‌ಮೆಂಟು ಎದ್ದು ನಿಂತಿರದಿದ್ದರೆ. ಅದೇ ಹ್ಯಾಂಡಿ ಹಿಡಿದು ಮಾಗಡಿ ಕಡೆಯ ಸಾವನದುರ್ಗ ಹತ್ತಿ. ಸಮುದ್ರಮಟ್ಟದಿಂದ 1226 ಮೀಟರು, ಬೆಂಗಳೂರಿಗಿಂತ ಸುಮಾರು 300 ಮೀಟರು ಮೇಲೆ. ದಿಗಂತ 70 ಕಿಲೋಮೀಟರಿಗೆ ಹಿಗ್ಗುತ್ತದೆ. ಬಂಡೆ ಹತ್ತುವುದಕ್ಕೆ ಬೇಕಾದ್ದು ಮಂಡಿ, ಅದು ಎಸ್‌ಪಿ ರೋಡಿನಲ್ಲಿ ಸಿಗುವುದಿಲ್ಲ. ಸಿಕ್ಕಿದ್ದರೆ ಷಡ್ಡಕರ ಚೀಲದಲ್ಲಿ ಎರಡು ಜೊತೆ ಇರುತ್ತಿತ್ತು.

ಬೆಟ್ಟ ಹತ್ತಲಾರದವರಿಗೆ ದೂರದ ಮಾತಿಗೆ ಇರುವ ದಾರಿ ಎಚ್‌ಎಫ್, ಅಂದರೆ ಎರಡು ಮೀಟರಿಗಿಂತ ಉದ್ದನೆಯ ಅಲೆ. ಅದಕ್ಕೆ ಬೇಕಾದ್ದು ತಂತಿ, ಬರೀ ತಂತಿ. 7 ಮೆಗಾಹರ್ಟ್ಸಿನ ಡೈಪೋಲಿಗೆ ಒಟ್ಟು 20 ಮೀಟರು, ಎರಡು ಕಡೆಗೂ ಹತ್ತು ಹತ್ತು. ಅಡಿಗಳಲ್ಲಿ 66. ಷಡ್ಡಕರ ಓನರದ್ದು 20x30ರ ಸೈಟು. ಉದ್ದ ಅಳೆದರೂ ಇಲ್ಲ, ಅಗಲ ಅಳೆದರೂ ಇಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ಸಿಗುವುದು 36 ಅಡಿ. ಉಳಿದ ಮೂವತ್ತು ಅಡಿಗೆ ಪಕ್ಕದ ಮನೆಯವರ ಆಕಾಶ ಬಾಡಿಗೆಗೆ ಹಿಡಿಯಬೇಕು, ಅದಕ್ಕೂ ಅಡ್ವಾನ್ಸ್ ಕೇಳಿಯಾರು. ಅದೇ 14 ಮೆಗಾಹರ್ಟ್ಸಿಗೆ ಸಾಕಾಗುವುದು 10 ಮೀಟರು, 33 ಅಡಿ. ಬಿಡಿಎ, ಪಾಲಿಕೆ ಯಾರಿಗೂ ಗೊತ್ತಿಲ್ಲದ ಸತ್ಯ ಇದು: 20x30ರ ಸೈಟಿನ ಕರ್ಣ ಇಪ್ಪತ್ತು ಮೀಟರ್ ಬ್ಯಾಂಡಿಗೆ ಹೇಳಿ ಮಾಡಿಸಿದ್ದು.

ಇಷ್ಟು ಸರಳ ಲೆಕ್ಕ ಕಣ್ಣೆದುರು ಇದ್ದರೂ ಷಡ್ಡಕರು ಪಾರ್ಕಿಗೆ ಹೊರಟರು. ಒಂದು ತುದಿಯಿಂದಲೇ ಉಣಿಸುವ ಇಪ್ಪತ್ತು ಮೀಟರಿನ ತಂತಿ, ಬುಡದಲ್ಲಿ 49ಕ್ಕೆ 1ರ ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿ. ತುದಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು ಇರುವ ತಡೆಯನ್ನು ಆ ಡಬ್ಬಿ ಐವತ್ತಕ್ಕೆ ಇಳಿಸುತ್ತದೆ. ಮೇಲೆ ಕಟ್ಟಲು ಒಂದೇ ಆಸರೆ ಸಾಕು, ಪೋರ್ಟಬಲ್‌ನವರಿಗೆ ಇದಕ್ಕಿಂತ ಒಳ್ಳೆಯದು ಕಡಿಮೆ. ಆಸರೆ ಯಾವುದು? ಮರ. ಮರಕ್ಕೆ ದಾರ ಏರಿಸಲು ತೂಕದ ಚೀಲ, ಅದನ್ನು ಎಸೆಯಲು ಕವಣೆ, ಕವಣೆ ಗುರಿ ತಪ್ಪಿದರೆ ಮಡಚುವ ಗಾಳದ ಕೋಲು. ಕೋಲು ಕಾರ್ಬನ್ನಿನದಾಗಕೂಡದು, ಅದು ವಿದ್ಯುತ್ತು ಹರಿಸಿ ಆಂಟೆನಾದ ಲೆಕ್ಕ ಕೆಡಿಸುತ್ತದೆ, ಫೈಬರ್‌ಗ್ಲಾಸೇ ಬೇಕು. ಮೊದಲ ಬಾರಿ ಎಸೆದ ತೂಕ ಹೊಂಗೆ ಮರದಲ್ಲಿ ಸಿಕ್ಕಿಕೊಂಡಿತು. ಒಂದು ಮಾತು ನಗದೆ ಹೇಳಿಬಿಡುತ್ತೇನೆ: ನಮ್ಮ ಬೀದಿಯ ಮರಗಳ ನಡುವೆ ಕರೆಂಟಿನ ತಂತಿ ಹಾದಿರುತ್ತದೆ. ಅದು ಕಾಣುವ ಜಾಗದಲ್ಲಿ ಏನನ್ನೂ ಎಸೆಯಕೂಡದು, ಏನನ್ನೂ ಏರಿಸಕೂಡದು. ಹವ್ಯಾಸ ಒಂದು ದಿನದ್ದಲ್ಲ.

ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತರು. ತಂತಿ ನೋಡಿದರು, ಕೋಲು ನೋಡಿದರು, ಷಡ್ಡಕರ ಕೈಯಲ್ಲಿದ್ದ ಟೇಪು ನೋಡಿದರು.

“ಸರ್ವೇನಾ ಸಾರ್?”

“ಅಲ್ಲ ಸಾರ್, ಆಂಟೆನಾ.”

“ಹೇಳ್ಬಿಡಿ ಸಾರ್, ಪರ್ವಾಗಿಲ್ಲ. ರೋಡ್ ಅಗಲ ಮಾಡ್ತಾರಾ, ಮೆಟ್ರೋ ಬರುತ್ತಾ? ಮೂಲೆ ಮನೆ ನಂದೇ.”

ಕಾಲು ಗಂಟೆಯಲ್ಲಿ ಮೂಲೆ ಮನೆಯವರು, ಅವರ ಎದುರು ಮನೆಯವರು, ಸೈಟ್ ಬ್ರೋಕರೊಬ್ಬ, ಪಾರ್ಕಿನ ವಾಚ್‌ಮನ್ನು ಎಲ್ಲ ಸೇರಿದರು. ಲೈಸೆನ್ಸ್ ತೋರಿಸಿದ್ದು ಇನ್ನೂ ಅಪಾಯವಾಯಿತು. ಕೇಂದ್ರ ಸರ್ಕಾರದ ಮೊಹರು ನೋಡಿ ಮೆಟ್ರೋ ಖಚಿತ ಅಂತಲೇ ಎಲ್ಲರೂ ತೀರ್ಮಾನಿಸಿದರು. ಅವತ್ತು ಆ ಬೀದಿಯ ಸೈಟಿನ ದರ ಚದರಡಿಗೆ ಎಷ್ಟು ಏರಿತೋ ಗೊತ್ತಿಲ್ಲ, ಷಡ್ಡಕರು ಮಾತ್ರ ರೇಡಿಯೋದಲ್ಲಿ ಒಬ್ಬರನ್ನೂ ಮಾತಾಡಿಸಲಿಲ್ಲ.

ಸಿಗ್ನಲ್ ಹೋಗಲಿಲ್ಲ ಅಂದರೆ ಹ್ಯಾಮ್‌ಗಳು ದೂಷಿಸುವುದು ಎಸ್‌ಡಬ್ಲ್ಯುಆರ್ ಅನ್ನು. ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಪುಟಿಯುತ್ತದೆ ಎಂಬುದರ ಸೂಚಿ ಅದು. ಅದನ್ನು ಅಳೆಯಲು ನ್ಯಾನೋವಿಎನ್‌ಎ ಎಂಬ ಅಂಗೈ ಅಗಲದ ಯಂತ್ರ ಬಂದಿದೆ. ಒಳ್ಳೆಯ ಯಂತ್ರವೇ. ಆದರೆ ಅದು ಷಡ್ಡಕರ ಕೈಗೆ ಬಂದ ಮೇಲೆ ರೇಡಿಯೋಗೆ ಬಿಡುವು ಸಿಕ್ಕಿತು. 1.5 ಬಂದರೆ ಮುಖ ಬಾಡುತ್ತದೆ, 1.1 ಬಂದರೆ ಊಟ ಸೇರುತ್ತದೆ. ಲೆಕ್ಕ ಹಾಕಿದರೆ ಎಸ್‌ಡಬ್ಲ್ಯುಆರ್ 2 ಇದ್ದಾಗಲೂ ಹಿಂದೆ ಪುಟಿಯುವುದು ಶೇ 11 ಮಾತ್ರ, ಕೇಳುವವನ ಕಿವಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ಅಷ್ಟಕ್ಕೂ ಜಗತ್ತಿನ ಅತ್ಯುತ್ತಮ ಎಸ್‌ಡಬ್ಲ್ಯುಆರ್ ಬೇಕಾದರೆ ರೇಡಿಯೋಗೆ ಒಂದು 50 ಓಮಿನ ರೆಸಿಸ್ಟರ್ ಸಿಕ್ಕಿಸಿ. ಒಂದಕ್ಕೆ ಒಂದು, ಚಿನ್ನದಂಥ ಅಂಕಿ! ಸಿಗ್ನಲ್ ಮಾತ್ರ ಅಡುಗೆಮನೆಯನ್ನೂ ದಾಟುವುದಿಲ್ಲ. ಮಾರ್ಕ್ಸ್ ಕಾರ್ಡಿಗೂ ಬುದ್ಧಿಗೂ ಸಂಬಂಧ ಇರಲೇಬೇಕೆಂದಿಲ್ಲ ಅನ್ನುವುದನ್ನು ಇದಕ್ಕಿಂತ ಅಗ್ಗವಾಗಿ ಯಾರೂ ಕಲಿಸಲಾರರು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಷಡ್ಡಕರಿಗೆ ಪೂರ್ತಿ ಮಾರ್ಕ್ಸು. ಮೊದಲು ಹಳೆ ಯುಪಿಎಸ್ಸಿನ 7 ಆಂಪಿಯರ್-ಅವರಿನ ಸೀಸದ ಬ್ಯಾಟರಿ ಹೊರುತ್ತಿದ್ದರು, ಎರಡು ಕೆಜಿ ಮೇಲೆ. ಈಗ ಅಷ್ಟೇ ಹಿಡಿತದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅದರ ಅರ್ಧ ತೂಕವೂ ಇಲ್ಲ. ನಮ್ಮ ಏರಿಯಾದಲ್ಲಿ ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರುಗಳೆಲ್ಲ ಸೇರಿ ರೇಡಿಯೋದಲ್ಲಿ ಗೊರಗೊರ ಅನ್ನಿಸುತ್ತಲೇ ಇರುತ್ತವೆ. ಬೀದಿಯ ಕರೆಂಟು ಹೋದ ಗಳಿಗೆ ಆ ಗದ್ದಲದಲ್ಲಿ ಬಹುಪಾಲು ಅಡಗಿ ದೂರದ ದನಿಗಳು ಮೇಲೇಳುತ್ತವೆ. ಬೆಸ್ಕಾಂಗೆ ಫೋನ್ ಮಾಡಿ ‘ಯಾವಾಗ ಬರುತ್ತೆ’ ಅಂತ ಕೇಳುವ ಮೂಡಲಪಾಳ್ಯದಲ್ಲಿ, ‘ಇಷ್ಟು ಬೇಗ ಯಾಕೆ ಬಂತು’ ಅಂತ ಗೊಣಗುವ ಒಬ್ಬರೇ ಒಬ್ಬರು ಇವರು.

ಇನ್ನು ಆಕಾಶ. ಉಕ್ಕಿನ ಅಳತೆ ಟೇಪನ್ನು ಕತ್ತರಿಸಿ, ಪಿವಿಸಿ ಪೈಪಿಗೆ ಅಡ್ಡಡ್ಡ ಬಿಗಿದು ಮಾಡುವ ಮೂರು ಕಡ್ಡಿಯ ಯಾಗಿ ಆಂಟೆನಾ ಹ್ಯಾಮ್‌ಗಳಲ್ಲಿ ಹೆಸರುವಾಸಿ. ಮಡಚಿದರೆ ಚೀಲಕ್ಕೆ, ಬಿಟ್ಟರೆ ಟಣ್ಣನೆ ನೆಟ್ಟಗೆ. ಹಾರ್ಡ್‌ವೇರ್ ಅಂಗಡಿಯಲ್ಲೇ ಪೂರಾ ಸಾಮಾನು ಸಿಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವ ಹತ್ತು ನಿಮಿಷ ಇದನ್ನು ಹಿಡಿದು ತಿರುಗಿಸಿದರೆ 145.800 ಮೆಗಾಹರ್ಟ್ಸಿನಲ್ಲಿ ಅಲ್ಲಿನ ಹ್ಯಾಮ್ ಪ್ರಸಾರ ಇದ್ದಾಗ ಕೇಳಬಹುದು. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಜತೆ ಮಾತಾಡಿದ್ದು ಇದೇ ಹ್ಯಾಮ್ ರೇಡಿಯೋದಲ್ಲಿ. ಇಸ್ರೋ ಹ್ಯಾಮ್‌ಗಳಿಗೆಂದೇ ಒಂದು ಉಪಗ್ರಹವನ್ನೂ ಕೊಟ್ಟಿತ್ತು: 42.5 ಕೆಜಿಯ ಹ್ಯಾಮ್‌ಸ್ಯಾಟ್, 2005ರ ಮೇ 5ರಂದು ಹಾರಿ 2014ರವರೆಗೆ ದುಡಿಯಿತು. ಅದರಲ್ಲಿ ಎರಡು ಟ್ರಾನ್ಸ್‌ಪಾಂಡರು, ಒಂದು ನಮ್ಮವರದ್ದು, ಇನ್ನೊಂದು ನೆದರ್‌ಲ್ಯಾಂಡ್ಸಿನ ವಿದ್ಯಾರ್ಥಿಯೊಬ್ಬ ಕಟ್ಟಿದ್ದು. ಷಡ್ಡಕರು ಟೇಪಿನ ಯಾಗಿ ಹಿಡಿದು ಟೆರೇಸಿನಲ್ಲಿ ಆಕಾಶಕ್ಕೆ ಗುರಿಯಿಟ್ಟು ನಿಧಾನ ತಿರುಗುತ್ತಿದ್ದಾಗ ಓನರ್ ಆಂಟಿ ಕೆಳಗಿನಿಂದ ಕೂಗಿದರಂತೆ: “ಕಾಗೆ ಓಡಿಸ್ತಿದ್ದೀರಾ? ಹಾಗೇ ನಮ್ಮ ಸಂಡಿಗೆ ಕಡೆನೂ ಒಂಚೂರು ನೋಡ್ಕೊಳ್ಳಿ.”

“ಇಷ್ಟೆಲ್ಲ ಹೂಡಿ ಕೊನೆಗೆ ಮಾತಾಡೋದೇನು ಭಾವ? ಆ ಕಡೆಯವರು ‘ನಿಮ್ಮ ಆಂಟೆನಾ ಯಾವುದು’ ಅಂತಾರೆ, ಇವರು ಹೇಳ್ತಾರೆ. ಇವರು ‘ನಿಮ್ಮದು ಯಾವುದು’ ಅಂತಾರೆ, ಅವರು ಹೇಳ್ತಾರೆ. ಅಲ್ಲಿಗೆ ಮುಗೀತು” ಅಂದಳು ನಾದಿನಿ. ಸುಳ್ಳಲ್ಲ. ಆದರೆ 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಅಂಡಮಾನಿಗೆ ಹೋಗಿದ್ದೂ ಇಂಥ ಆಟಕ್ಕೇ. ಪೋರ್ಟ್‌ಬ್ಲೇರಿನಲ್ಲಿ ತಂತಿ ಕಟ್ಟಿಕೊಂಡು ಜಗತ್ತಿನವರಿಗೆಲ್ಲ ‘ಹಲೋ’ ಅನ್ನುತ್ತಿದ್ದರು. 26ರ ಬೆಳಗ್ಗೆ ಸುನಾಮಿ ಬಂತು, ಫೋನುಗಳು ಸತ್ತವು, ದ್ವೀಪಕ್ಕೂ ಮುಖ್ಯಭೂಮಿಗೂ ನಡುವೆ ಸುದ್ದಿ ದಾಟಿಸಿದ್ದು ಆ ಆಟದ ತಂತಿಯೇ. ಆಂಟೆನಾ ಕಟ್ಟುವುದನ್ನು ಮೊದಲೇ ಆಡಿ ಕಲಿತಿದ್ದರಿಂದ ಆ ದಿನ ಕಟ್ಟಲು ಬಂತು. ನಾದಿನಿ ಇದನ್ನು ಕೇಳಿ ಒಂದು ನಿಮಿಷ ಸುಮ್ಮನಿದ್ದು, “ಸರಿ, ಒಂದು ಆಂಟೆನಾ ಇರಲಿ. ಹದಿನಾಲ್ಕು ಯಾಕೆ?” ಅಂದಳು. ಷಡ್ಡಕರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

ಪರಿಹಾರ ಹೊಳೆದದ್ದೂ ಅವಳಿಗೇ. “ಮೂಲೆಯಿಂದ ಮೂಲೆಗೆ ಪ್ಲಾಸ್ಟಿಕ್ ಹೊದಿಕೆಯ ವೈರು ಬಟ್ಟೆ ಒಣಗಿಸೋ ಎತ್ತರಕ್ಕೆ ಕಟ್ಟಿ. ಯಾರು ಕೇಳ್ತಾರೆ?” ಕಟ್ಟಿದರು. ಹತ್ತು ಮೀಟರು, 14 ಮೆಗಾಹರ್ಟ್ಸು, ಬುಡದ ಡಬ್ಬಿ ಟ್ಯಾಂಕಿನ ಮರೆಯಲ್ಲಿ. “ಅದೇನು ಡಬ್ಬಿ?” ಅಂತ ಆಂಟಿ ಕೇಳಿದ್ದಕ್ಕೆ “ತಂತಿ ಬಿಗಿ ಮಾಡೋದು ಆಂಟಿ” ಅಂತ ಉತ್ತರ ಕೊಟ್ಟದ್ದೂ ನಾದಿನಿಯೇ. ಅಷ್ಟು ತಗ್ಗಿನಲ್ಲಿ ಕಟ್ಟಿದ ತಂತಿ ದೂರದ ದೇಶಗಳಿಗೆ ಹೇಳಿಕೊಳ್ಳುವಂಥದ್ದಲ್ಲ. ಆದರೂ ಮೊದಲ ಸಂಜೆಯೇ ಹೊರರಾಜ್ಯದ ಹ್ಯಾಮೊಬ್ಬರು ಸಿಕ್ಕರು. ಮಾರನೇ ಬೆಳಗ್ಗೆ ಆಂಟಿ ಅದರ ಮೇಲೆ ಎರಡು ಒದ್ದೆ ಬೆಡ್‌ಶೀಟು ಹರವಿದರು. ಒದ್ದೆ ಬಟ್ಟೆ ಬಿದ್ದರೆ ತಂತಿಯ ಶ್ರುತಿ ಕೆಳಗಿಳಿಯುತ್ತದೆ, ಎಸ್‌ಡಬ್ಲ್ಯುಆರ್ ಏರುತ್ತದೆ. ಅದಕ್ಕಿಂತ ಮುಖ್ಯ, ಪ್ರಸಾರ ಮಾಡುವಾಗ ತಂತಿಯ ತುದಿಯಲ್ಲಿ ವೋಲ್ಟೇಜು ಜೋರಾಗಿರುತ್ತದೆ, ಯಾರ ಕೈಯೂ ತಾಗಕೂಡದು. ಹಾಗಾಗಿ ಬಟ್ಟೆ ತೆಗೆದು ಆಂಟಿ ಕೆಳಗಿಳಿದು ಬಾಗಿಲು ಹಾಕಿದ ಮೇಲೆಯೇ ಷಡ್ಡಕರ ಬಾಯಿ ತೆರೆಯುವುದು. ಸೂರ್ಯನ ಕಲೆಗಳ ಪಟ್ಟಿ ನೋಡಿ ರೇಡಿಯೋ ಹಾಕುವವರನ್ನು ಕೇಳಿದ್ದೆ. ಲಾಂಡ್ರಿಯ ಪಟ್ಟಿ ನೋಡಿ ಹಾಕುವವರು ಇವರೊಬ್ಬರೇ.

ನೀವೂ ಹೊಸದಾಗಿ ಈ ಗೀಳಿಗೆ ಬೀಳುವವರಿದ್ದರೆ ಅಂಗಡಿಗೆ ಹೊರಡುವ ಮುಂಚೆ ಹಿಂದುಮುಂದಾಗಿ ಶುರು ಮಾಡಿ. ಮೊದಲು ಓನರ್ ಆಂಟಿಯನ್ನು ಮಾತಾಡಿಸಿ. ಆಮೇಲೆ ಟೆರೇಸಿನ ಕರ್ಣ ಅಳೆಯಿರಿ. ಆ ಅಳತೆಗೆ ಯಾವ ಬ್ಯಾಂಡ್ ಕೂರುತ್ತದೋ ಅದಕ್ಕೆ ತಂತಿ ಕತ್ತರಿಸಿ. ತಂತಿಗೆ ಒಪ್ಪುವ ಕೇಬಲ್ಲು, ಕೇಬಲ್ಲಿಗೆ ಒಪ್ಪುವ ಕನೆಕ್ಟರು, ಒಂದೇ ಒಂದು. ಇಷ್ಟೂ ಆದ ಮೇಲೆ ದುಡ್ಡು ಉಳಿದಿದ್ದರೆ ಒಂದು ರೇಡಿಯೋ ಕೊಳ್ಳಿ. ಉಳಿಯದಿದ್ದರೂ ನಷ್ಟವಿಲ್ಲ, ಬಟ್ಟೆಯಾದರೂ ಒಣಗುತ್ತದೆ.